ಕ್ಯಾಮೆರಾ ಬಂದ ಮೇಲೆ ವಾಟ್ಸನ್‌ಗೆ ಏನು ಕೆಲಸ?

ಪತ್ತೇದಾರಿ ಕಥೆಗಳು ತೆರೆಗೆ ಬಂದ ಬಗೆಯನ್ನು ಕುರಿತು ಪ್ರಶ್ನೆಗಳನ್ನು ಕಳುಹಿಸುವಂತೆ ಕಳೆದ ಸಂಚಿಕೆಯಲ್ಲಿ ಕೋರಿದ್ದೆವು. ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಪತ್ತೇದಾರನನ್ನು ಬದಿಗಿಟ್ಟು ಅವನ ಗೆಳೆಯ, ಕಾರ್ಯದರ್ಶಿ, ಪೊಲೀಸ್ ಅಧಿಕಾರಿ, ಮನೆಯ ಆಳು ಇವರ ಬಗ್ಗೆಯೇ ಕೇಳಿವೆ. ಆದ್ದರಿಂದ ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಪೋಷಕ ಪಾತ್ರಗಳಿಗೇ ಮೀಸಲಿಟ್ಟಿದ್ದೇವೆ. ಈ ಕಥೆಗಳನ್ನು ಇನ್ನೂ ಓದದವರು, ನೋಡದವರು ನಿಶ್ಚಿಂತೆಯಿಂದ ಮುಂದುವರಿಯಬಹುದು. ಅಪರಾಧಿ ಯಾರೆಂಬುದನ್ನು ಎಲ್ಲಿಯೂ ಹೇಳಿಲ್ಲ.

ಪ್ರಶ್ನೆ: ಹೈಸ್ಕೂಲಿನ ದಿನಗಳಿಂದಲೂ ಷರ್ಲಾಕ್ ಹೋಮ್ಸ್ ಕಥೆಗಳನ್ನು ಓದಿಕೊಂಡು ಬಂದಿದ್ದೇನೆ. ಈಚೆಗೆ ಮೊಮ್ಮಗ ಹಳೆಯ ಕಪ್ಪು-ಬಿಳುಪು ಚಿತ್ರಗಳನ್ನೂ ಬ್ರಿಟನ್ನಿನ ಟಿ.ವಿ. ಸರಣಿಗಳನ್ನೂ ತೋರಿಸಿದ. ಒಂದರಲ್ಲಿ ಡಾಕ್ಟರ್ ವಾಟ್ಸನ್ ಪೆದ್ದನಂತೆ ಕಾಣುತ್ತಾನೆ, ಇನ್ನೊಂದರಲ್ಲಿ ಘನವಂತ, ಮತ್ತೊಂದರಲ್ಲಿ ಸಿಡುಕ. ಇವರಲ್ಲಿ ಕಥೆಯ ವಾಟ್ಸನ್ ಯಾರು?
— ನಿವೃತ್ತ ಶಿಕ್ಷಕಿ, ವಿದ್ಯಾನಗರ, ದಾವಣಗೆರೆ

ಉತ್ತರ: ತಮ್ಮ ಪ್ರಶ್ನೆಗೆ ಉತ್ತರಿಸುವ ಮೊದಲು, ಕಥೆಯೊಳಗೆ ವಾಟ್ಸನ್ ಮಾಡುವ ಕೆಲಸ ಯಾವುದೆಂದು ನೋಡಬೇಕು. 1887ರಲ್ಲಿ ಬಂದ ಮೊದಲ ಕಾದಂಬರಿಯಿಂದಲೇ ಅವನು ನಿರೂಪಕ. ಹೋಮ್ಸ್ ಕಂಡದ್ದನ್ನೆಲ್ಲ ಅವನೂ ಕಾಣುತ್ತಾನೆ, ಆದರೆ ಅದರ ಅರ್ಥ ಅವನಿಗೆ ತಡವಾಗಿ ಹೊಳೆಯುತ್ತದೆ, ನಮಗೂ ಹಾಗೆಯೇ. ಕಥೆಯ ಗುಟ್ಟನ್ನು ಕೊನೆಯ ತನಕ ಕಾಯುವವನು, ಹೋಮ್ಸ್‌ನನ್ನು ಮೆಚ್ಚುವುದನ್ನು ನಮಗೆ ಕಲಿಸುವವನು, ಅವನ ಒರಟುತನವನ್ನು ನಾವು ಸಹಿಸಿಕೊಳ್ಳುವಂತೆ ಮಾಡುವವನು, ಎಲ್ಲವೂ ಅವನೇ. ತೆರೆಯ ಮೇಲೆ ಈ ಕೆಲಸವನ್ನೆಲ್ಲ ಕ್ಯಾಮೆರಾ ಕಿತ್ತುಕೊಳ್ಳುತ್ತದೆ. ಹೋಮ್ಸ್‌ನನ್ನು ನಾವು ನೇರವಾಗಿ ನೋಡುತ್ತಿರುವಾಗ, ನೋಡಿದ್ದನ್ನು ಹೇಳುವವನೊಬ್ಬ ಬೇಕಾಗುವುದಿಲ್ಲ. ಕೋಣೆಯ ಮೂಲೆಯಲ್ಲಿ ಸುಮ್ಮನೆ ನಿಂತುಬಿಟ್ಟ ಈ ಮನುಷ್ಯನಿಗೆ ನಿರ್ದೇಶಕರು ಬೇರೊಂದು ಕೆಲಸ ಕೊಡಲೇಬೇಕು. ಯಾವ ಕೆಲಸ ಕೊಟ್ಟರು ಎಂಬುದರ ಮೇಲೆಯೇ ಆ ಚಿತ್ರದ ಯೋಗ್ಯತೆ ನಿಂತಿದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಮುಂದಿನ ಉತ್ತರಗಳಲ್ಲೂ ನಾನು ಇದೇ ಅಳತೆಗೋಲನ್ನು ಬಳಸುತ್ತೇನೆ.

ಕಪ್ಪು-ಬಿಳುಪು ಚಿತ್ರಗಳಲ್ಲಿ ಅವನಿಗೆ ಸಿಕ್ಕ ಕೆಲಸ ನಗಿಸುವುದು. 1939ರಿಂದ 1946ರವರೆಗೆ ಬಂದ 14 ಚಿತ್ರಗಳಲ್ಲಿ ಬೇಸಿಲ್ ರಾಥ್‌ಬೋನ್ ಹೋಮ್ಸ್ ಆಗಿಯೂ ನೈಜೆಲ್ ಬ್ರೂಸ್ ವಾಟ್ಸನ್ ಆಗಿಯೂ ನಟಿಸಿದರು. ಬ್ರೂಸ್ ಗೊಣಗುತ್ತಾರೆ, ತಡವರಿಸುತ್ತಾರೆ, ಆತ್ಮವಿಶ್ವಾಸದಿಂದಲೇ ತಪ್ಪು ತೀರ್ಮಾನಕ್ಕೆ ಬರುತ್ತಾರೆ. ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿಯಂಥ ವೃತ್ತಿ ನಾಟಕ ಮಂಡಳಿಯನ್ನು ಕಂಡ ದಾವಣಗೆರೆಯವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಗಂಭೀರ ಕಥೆಯ ಬಿಗಿಯನ್ನು ನಡುನಡುವೆ ಸಡಿಲಿಸಲು ಕಂಪನಿ ನಾಟಕದಲ್ಲಿ ಹಾಸ್ಯಪಾತ್ರಧಾರಿಗೆ ಒಂದು ಜಾಗವಿರುತ್ತಿತ್ತು. ಬ್ರೂಸ್ ಅಂಥ ಜಾಗವನ್ನೇ ತುಂಬಿದರು, ಪ್ರೀತಿಯಿಂದಲೇ ತುಂಬಿದರು. ಆದರೆ ಅದಕ್ಕೆ ತೆತ್ತ ಬೆಲೆ ದೊಡ್ಡದು. ಆಫ್ಘಾನಿಸ್ತಾನದ ಮೈವಾಂಡ್ ಯುದ್ಧದಲ್ಲಿ ಗುಂಡೇಟು ತಿಂದು ಬಂದ ಸೇನಾ ವೈದ್ಯ, ಕಂಡ ಪ್ರಸಂಗಗಳನ್ನು ಅಷ್ಟು ಅಚ್ಚುಕಟ್ಟಾಗಿ ಬರೆದಿಡಬಲ್ಲ ಮನುಷ್ಯ ಪೆದ್ದನಾಗಿರಲು ಸಾಧ್ಯವಿಲ್ಲ. ಅಂಥ ಪೆದ್ದನನ್ನು ಹೋಮ್ಸ್ ವರ್ಷಾನುಗಟ್ಟಲೆ ಜೊತೆಗಿಟ್ಟುಕೊಳ್ಳುತ್ತಿದ್ದನೆಂದು ನಂಬುವುದೂ ಕಷ್ಟ.

ತಾವು ಘನವಂತ ಎಂದದ್ದು 1984ರಿಂದ 1994ರವರೆಗೆ ಬಂದ, ಬ್ರಿಟನ್ನಿನ ಗ್ರಾನಡಾ ಟಿ.ವಿ. ಸಂಸ್ಥೆಯ ಸರಣಿಯ ವಾಟ್ಸನ್‌ನನ್ನು ಇರಬೇಕು. ಅಲ್ಲಿ ಜೆರೆಮಿ ಬ್ರೆಟ್ ಹೋಮ್ಸ್. ವಾಟ್ಸನ್ ಆಗಿ ಮೊದಲು ಡೇವಿಡ್ ಬರ್ಕ್, 1986ರಿಂದ ಎಡ್ವರ್ಡ್ ಹಾರ್ಡ್‌ವಿಕ್. ಹಾರ್ಡ್‌ವಿಕ್ ಅವರಿಗೆ ಸಿಕ್ಕ ಮೊದಲ ಕಂತು ಯಾವುದೆಂದು ಗಮನಿಸಿ. ಸತ್ತನೆಂದೇ ಎಲ್ಲರೂ ನಂಬಿದ್ದ ಹೋಮ್ಸ್, ಮೂರು ವರ್ಷಗಳ ನಂತರ ಮುದಿ ಪುಸ್ತಕ ವ್ಯಾಪಾರಿಯ ವೇಷದಲ್ಲಿ ಬಂದು ವಾಟ್ಸನ್‌ನ ಎದುರಿಗೆ ನಿಜರೂಪ ತೋರಿಸುವ ಕಥೆ ಅದು. ವಾಟ್ಸನ್ ಕಣ್ಣು ಕತ್ತಲಿಟ್ಟು ಮೂರ್ಛೆ ಹೋಗುತ್ತಾನೆ. ನಟ ಹೊಸಬರು. ಈ ಮುಖಕ್ಕೂ ಹೋಮ್ಸ್‌ಗೂ ಇದ್ದ ಹಳೆಯ ಒಡನಾಟದ ನೆನಪು ಪ್ರೇಕ್ಷಕರಲ್ಲಿ ಇಲ್ಲವೇ ಇಲ್ಲ. ಅಂಥ ಸ್ಥಿತಿಯಲ್ಲಿ ಹಲವು ವರ್ಷಗಳ ಸ್ನೇಹವನ್ನು ಒಂದೇ ದೃಶ್ಯದಲ್ಲಿ ನಂಬಿಸಬೇಕಾಗಿತ್ತು, ಮತ್ತು ಅವರು ನಂಬಿಸಿದರು. ಗೆಳೆಯ ಬದುಕಿದ್ದಾನೆಂಬ ಸಂತೋಷದ ಒಳಗೇ, ಇಷ್ಟು ದಿನ ತನಗೊಂದು ಮಾತು ತಿಳಿಸಲಿಲ್ಲವಲ್ಲ ಎಂಬ ನೋವನ್ನೂ ಅವರ ಮುಖದಲ್ಲಿ ಕಾಣಬಹುದು. ಇಲ್ಲಿ ವಾಟ್ಸನ್‌ಗೆ ಕೊಟ್ಟ ಕೆಲಸ ಸ್ನೇಹ. ಅದು ಸಣ್ಣ ಕೆಲಸವಲ್ಲ.

ಸಿಡುಕನಾದ ವಾಟ್ಸನ್, 2010ರಿಂದ 2017ರವರೆಗಿನ ಬಿ.ಬಿ.ಸಿ. ಸರಣಿಯ ಮಾರ್ಟಿನ್ ಫ್ರೀಮನ್. ಕಥೆಯನ್ನು ಇಂದಿನ ಲಂಡನ್ನಿಗೆ ತಂದಾಗಲೂ ಅವನು ಆಫ್ಘಾನಿಸ್ತಾನದಿಂದಲೇ ಮರಳಿದ ಸೇನಾ ವೈದ್ಯ. ಕಾನನ್ ಡಾಯ್ಲ್ ಅವರು ಮೊದಲ ಕಾದಂಬರಿಯಲ್ಲಿ ಗುಂಡು ಭುಜಕ್ಕೆ ಬಿತ್ತೆಂದೂ, 1890ರ ಎರಡನೆಯದರಲ್ಲಿ ಕಾಲಿಗೆ ಬಿತ್ತೆಂದೂ ಬರೆದಿದ್ದಾರೆ. ಈ ವ್ಯತ್ಯಾಸವನ್ನೇ ಸರಣಿಯವರು ಪಾತ್ರದ ಬೇರಾಗಿ ಮಾಡಿಕೊಂಡರು: ಗಾಯವಾದದ್ದು ಭುಜಕ್ಕೆ, ಕುಂಟುವುದು ಮನಸ್ಸಿನ ಕಾರಣಕ್ಕೆ. ಮೊದಲ ಕಂತಿನಲ್ಲಿ ಟ್ಯಾಕ್ಸಿಯೊಂದರ ಬೆನ್ನಟ್ಟಿ ಓಡುವ ರಭಸದಲ್ಲಿ ಅವನು ಊರುಗೋಲನ್ನು ಹೋಟೆಲಿನಲ್ಲೇ ಮರೆಯುತ್ತಾನೆ. ಹೋಟೆಲಿನ ಮಾಲೀಕ ಅದನ್ನು ಮನೆಬಾಗಿಲಿಗೆ ತಂದುಕೊಟ್ಟಾಗಲೇ ತಾನು ಕುಂಟದೆ ಓಡಿದೆನೆಂಬುದು ಅವನ ಅರಿವಿಗೆ ಬರುತ್ತದೆ. ಹೋಮ್ಸ್‌ಗೆ ವಾಟ್ಸನ್ ಬೇಕಾದಷ್ಟೇ ವಾಟ್ಸನ್‌ಗೂ ಹೋಮ್ಸ್ ಬೇಕು ಎಂಬುದನ್ನು ಒಂದು ಕೋಲಿನ ಮೂಲಕ ಹೇಳಿದ ಈ ದೃಶ್ಯ ನನಗೆ ಬಹಳ ಮೆಚ್ಚುಗೆಯಾದದ್ದು.

ಸೋವಿಯತ್ ದೂರದರ್ಶನದ 1979ರ ಮೊದಲ ಭಾಗದಲ್ಲಿ ವಿತಾಲಿ ಸೊಲೋಮಿನ್ ಅವರ ವಾಟ್ಸನ್, ಹೊಸ ಸಹವಾಸಿಯ ವಿಚಿತ್ರ ಅತಿಥಿಗಳನ್ನು ಕಂಡು ಹೋಮ್ಸ್ ಒಬ್ಬ ಅಪರಾಧಿಯೇ ಇರಬೇಕೆಂದು ಅನುಮಾನಿಸುತ್ತಾನೆ. ಅಮೆರಿಕದ 2012–2019ರ ಸರಣಿಯಲ್ಲಿ ಲೂಸಿ ಲಿಯು ಅವರ ಜೋನ್ ವಾಟ್ಸನ್ ಕ್ರಮೇಣ ತಾನೇ ಪತ್ತೇದಾರಳಾಗುತ್ತಾಳೆ. ಎರಡೂ ಗೌರವದ ಕೆಲಸಗಳೇ. ಆದರೂ ತಾವು ಒಬ್ಬರ ಹೆಸರು ಕೇಳಿದ್ದೀರಿ: ಪುಟದಿಂದ ಎದ್ದು ಬಂದಂತಿರುವವರು ಡೇವಿಡ್ ಬರ್ಕ್, ನನ್ನ ಮನಸ್ಸಿನಲ್ಲಿ ಉಳಿದವರು ಹಾರ್ಡ್‌ವಿಕ್.

ಪ್ರಶ್ನೆ: ಪತ್ತೇದಾರ ಪೊಯಿರೊನ ಟಿ.ವಿ. ಸರಣಿಯಲ್ಲಿ ಅವನ ಕಾರ್ಯದರ್ಶಿ ಮಿಸ್ ಲೆಮನ್ ಅವರನ್ನು ಮೂಲ ಕಥೆಯಲ್ಲಿ ಅವರಿಲ್ಲದ ಕಡೆಯೂ ತಂದು ಕೂರಿಸಿದ್ದಾರೆ. ಹೀಗೆ ತಮ್ಮಿಷ್ಟದಂತೆ ಪಾತ್ರ ಸೇರಿಸುವುದು ಅಗಾಥಾ ಕ್ರಿಸ್ಟಿಗೆ ಮಾಡಿದ ಅಪಚಾರವಲ್ಲವೇ?
— ಇಂಗ್ಲಿಷ್ ಎಂ.ಎ. ವಿದ್ಯಾರ್ಥಿನಿ, ಚಿತ್ರದುರ್ಗ

ಉತ್ತರ: ಸೇರಿಸಿದ್ದು ನಿಜ, ಆದರೆ ಅಪಚಾರವೆಂದು ನಾನು ಹೇಳಲಾರೆ. ಕ್ರಿಸ್ಟಿಯ ಪುಸ್ತಕಗಳಲ್ಲಿ ಮಿಸ್ ಲೆಮನ್ ಯಂತ್ರದಷ್ಟು ಕರಾರುವಾಕ್ಕಾದ ಹೆಂಗಸು. ಜಗತ್ತಿನಲ್ಲೇ ಅತ್ಯಂತ ಪರಿಪೂರ್ಣವಾದ ಕಡತ ವ್ಯವಸ್ಥೆಯೊಂದನ್ನು ರೂಪಿಸುವುದು ಅವರ ಬಾಳಿನ ಕನಸು. 1955ರ ಕಾದಂಬರಿಯೊಂದು ಶುರುವಾಗುವುದೇ ಅವರು ಒಂದು ಪತ್ರದಲ್ಲಿ ಮೂರು ತಪ್ಪು ಮಾಡಿದರೆಂಬ ಪೊಯಿರೊನ ಬೆರಗಿನಿಂದ. ಡೇವಿಡ್ ಸೂಶೆ ಪೊಯಿರೊ ಆಗಿ ನಟಿಸಿದ 1989–2013ರ ಸರಣಿಯಲ್ಲಿ ಪಾಲಿನ್ ಮೊರಾನ್ ಈ ಕನಸನ್ನು ಹಾಗೆಯೇ ಉಳಿಸಿಕೊಂಡು, ಅದರ ಹಿಂದೆ ಒಬ್ಬ ಮನುಷ್ಯಳನ್ನು ಇಟ್ಟರು. ಪೊಯಿರೊನ ಗೆಳೆಯನಾಗಿ ಹ್ಯೂ ಫ್ರೇಜರ್ ಅವರ ಕ್ಯಾಪ್ಟನ್ ಹೇಸ್ಟಿಂಗ್ಸ್, ಫಿಲಿಪ್ ಜಾಕ್ಸನ್ ಅವರ ಇನ್‌ಸ್ಪೆಕ್ಟರ್ ಜ್ಯಾಪ್ ಜೊತೆಯಾದಾಗ ಪೊಯಿರೊನ ಫ್ಲ್ಯಾಟು ಒಂದು ಸಂಸಾರದಂತಾಯಿತು. ಕ್ರಿಸ್ಟಿ 1923ರ ಕಾದಂಬರಿಯ ನಂತರ ಹೇಸ್ಟಿಂಗ್ಸ್‌ನಿಗೆ ಮದುವೆ ಮಾಡಿಸಿ ಅರ್ಜೆಂಟಿನಾಕ್ಕೆ ಕಳುಹಿಸಿದರು; ಆಮೇಲೆ ಅವನು ಬಂದು ಹೋಗುವ ನೆಂಟ. ಅವನು ಕಾಣಿಸಿಕೊಳ್ಳುವ ಕಾದಂಬರಿಗಳು ಒಟ್ಟು 8 ಮಾತ್ರ. 70 ಕಂತುಗಳ ಸರಣಿಯೊಂದು ಅಷ್ಟರಿಂದ ಸಾಗುವುದಿಲ್ಲ. ಈ ಸಂಸಾರವಿಲ್ಲದಿದ್ದರೆ ಪೊಯಿರೊ ತನ್ನ ಮೀಸೆ, ಶಿಸ್ತು, ಅಹಂಕಾರಗಳ ಜೊತೆ ಒಬ್ಬಂಟಿಯಾಗಿ ಉಳಿಯುತ್ತಿದ್ದ. 2000ದ ದಶಕದ ಆರಂಭದಲ್ಲಿ ಈ ಮೂವರು ಸರಣಿಯಿಂದ ಮರೆಯಾದ ಮೇಲೆ ಆದದ್ದೂ ಅದೇ. ಕಂತುಗಳು ಕಪ್ಪಾದವು, ಭಾರವಾದವು. 2013ರಲ್ಲಿ ಮತ್ತೆ ಎಲ್ಲರೂ ಒಟ್ಟಿಗೆ ಬಂದಾಗ ನೋಡುವವರಿಗೆ ಆದ ಸಂತೋಷವೇ ಆ ಸೇರ್ಪಡೆ ಎಷ್ಟು ಸರಿಯಾಗಿತ್ತೆಂಬುದಕ್ಕೆ ಸಾಕ್ಷಿ.

ನಿಮ್ಮ ಆಕ್ಷೇಪಕ್ಕೆ ನಿಜವಾಗಿ ಗುರಿಯಾಗಬೇಕಾದದ್ದು ಬೇರೊಂದು ಚಿತ್ರ. ಕ್ರಿಸ್ಟಿಯ ಇನ್ನೊಬ್ಬ ಪತ್ತೇದಾರಳು, ವಯಸ್ಸಾದ ಮಿಸ್ ಮಾರ್ಪಲ್. 1957ರಲ್ಲಿ ಬಂದ ಅವರ ಕಾದಂಬರಿಯೊಂದರಲ್ಲಿ, ರೈಲಿನ ಕಿಟಕಿಯಿಂದ ಕಂಡ ಕೊಲೆಯೊಂದರ ಹೆಣ ಹುಡುಕಲು ಲೂಸಿ ಐಲ್ಸ್‌ಬರೋ ಎಂಬ ಚುರುಕು ಹುಡುಗಿ ಮನೆಗೆಲಸದವಳಾಗಿ ದೊಡ್ಡಮನೆಯೊಂದಕ್ಕೆ ಸೇರಿಕೊಳ್ಳುತ್ತಾಳೆ. ಗಣಿತದಲ್ಲಿ ಉನ್ನತ ಪದವಿ ಪಡೆದೂ ಮನೆಗೆಲಸವನ್ನೇ ಗೌರವದ ವೃತ್ತಿಯಾಗಿ ಆರಿಸಿಕೊಂಡ ಅಪರೂಪದ ಪಾತ್ರ ಅದು. ಮಾರ್ಗರೆಟ್ ರುದರ್‌ಫೋರ್ಡ್ ನಟಿಸಿದ 1961ರ ಚಿತ್ರ ಲೂಸಿಯನ್ನು ಪೂರ್ತಿಯಾಗಿ ಅಳಿಸಿ, ಮಾರ್ಪಲ್‌ರನ್ನೇ ಕೆಲಸದಾಕೆಯಾಗಿ ಆ ಮನೆಗೆ ಕಳುಹಿಸಿತು. ಜೊತೆಗೆ ಮೂಲದಲ್ಲಿಲ್ಲದ ಮಿಸ್ಟರ್ ಸ್ಟ್ರಿಂಗರ್ ಎಂಬ ಗ್ರಂಥಪಾಲಕನನ್ನು ತಂದಿತು. ಆ ಪಾತ್ರ ವಹಿಸಿದವರು ರುದರ್‌ಫೋರ್ಡ್ ಅವರ ಪತಿ ಸ್ಟ್ರಿಂಗರ್ ಡೇವಿಸ್. ಸ್ಟ್ರಿಂಗರ್ ಬಂದದ್ದರಿಂದ ಕಥೆಗೆ ನಷ್ಟವೇನೂ ಆಗಲಿಲ್ಲ, ಲೂಸಿ ಹೋದದ್ದರಿಂದ ಆಯಿತು. ಅದೇ ಚಿತ್ರದಲ್ಲಿ ಚಿಕ್ಕ ಪಾತ್ರವೊಂದರಲ್ಲಿದ್ದ ಜೋನ್ ಹಿಕ್ಸನ್ ಮುಂದೆ 1984ರಿಂದ ಬಿ.ಬಿ.ಸಿ.ಗಾಗಿ ತಾವೇ ಮಾರ್ಪಲ್ ಆದರು, ಮತ್ತು ಆ ಸರಣಿಯಲ್ಲಿ ಲೂಸಿಗೆ ಅವಳ ಕೆಲಸ ಮರಳಿ ದೊರೆಯಿತು.

ಪ್ರಶ್ನೆ: ಓರಿಯಂಟ್ ಎಕ್ಸ್‌ಪ್ರೆಸ್ ಕೊಲೆ ಪ್ರಕರಣದ ಹಳೆಯ ಚಿತ್ರವನ್ನೂ ಹೊಸ ಚಿತ್ರವನ್ನೂ ನೋಡಿದೆ. ರೈಲ್ವೆ ಕಂಪನಿಯ ನಿರ್ದೇಶಕನ ಹೆಸರು, ವಯಸ್ಸು ಎಲ್ಲವೂ ಬೇರೆ. ಹೊಸದರಲ್ಲಿ ಕೆಲವು ಪ್ರಯಾಣಿಕರೇ ಇಲ್ಲ. ಇದರಿಂದ ಕಥೆಗೆ ವ್ಯತ್ಯಾಸವಾಗುತ್ತದೆಯೇ?
— ಬ್ಯಾಂಕ್ ಉದ್ಯೋಗಿ, ಹರಿಹರ

ಉತ್ತರ: ಖಂಡಿತ ಆಗುತ್ತದೆ. 1934ರ ಕಾದಂಬರಿಯಲ್ಲಿ ಬೂಕ್ ಎಂಬಾತ ಪೊಯಿರೊನ ಹಳೆಯ ಬೆಲ್ಜಿಯನ್ ಗೆಳೆಯ. ಸಿಡ್ನಿ ಲ್ಯೂಮೆಟ್ ನಿರ್ದೇಶಿಸಿದ 1974ರ ಚಿತ್ರದಲ್ಲಿ ಅವನು ಬಿಯಾಂಕಿ ಎಂಬ ಇಟಾಲಿಯನ್. ನಟ ಮಾರ್ಟಿನ್ ಬಾಲ್ಸಮ್. ಪ್ರತಿ ವಿಚಾರಣೆ ಮುಗಿದೊಡನೆ ಕೊಲೆಗಾರ ಇವನೇ, ಇವಳೇ ಎಂದು ಅವನು ಉದ್ಗರಿಸುತ್ತಾನೆ. ಅದು ಪ್ರೇಕ್ಷಕರ ಮನಸ್ಸಿನ ಮಾತು. ವಾಟ್ಸನ್ ಪುಟದಲ್ಲಿ ಮಾಡುವುದನ್ನು ಅವನು ತೆರೆಯಲ್ಲಿ ಮಾಡುತ್ತಿದ್ದಾನೆ. ಕೆನೆತ್ ಬ್ರಾನಾ ಅವರ 2017ರ ಚಿತ್ರದಲ್ಲಿ ಟಾಮ್ ಬೇಟ್‌ಮನ್ ಅವರ ಬೂಕ್ ಮೋಜುಗಾರ ಯುವಕ. ಪೊಯಿರೊ ಅವನಿಗೆ ಹಿರಿಯನಾಗುತ್ತಾನೆ, ಸರಿಸಮಾನರ ಮಾತುಕತೆ ಇಲ್ಲವಾಗುತ್ತದೆ.

ಇದಕ್ಕಿಂತ ದೊಡ್ಡ ವ್ಯತ್ಯಾಸ ವೈದ್ಯನದು. ಮೂಲದಲ್ಲಿ ಡಾಕ್ಟರ್ ಕಾನ್‌ಸ್ಟಂಟೈನ್ ಎಂಬ ಗ್ರೀಕ್ ವೈದ್ಯ ಶಂಕಿತರ ಸಾಲಿಗೆ ಸೇರದವನು. ಗಾಯಗಳ ಬಗ್ಗೆ ಅವನು ಕೊಡುವ ವರದಿಯನ್ನು ನಾವು ಕಣ್ಣುಮುಚ್ಚಿ ನಂಬುತ್ತೇವೆ, ಮುಂದಿನ ತರ್ಕವೆಲ್ಲ ಆ ನಂಬಿಕೆಯ ಮೇಲೆ ನಿಲ್ಲುತ್ತದೆ. 2017ರ ಚಿತ್ರ ಈ ವೈದ್ಯನನ್ನೂ ಕರ್ನಲ್ ಆರ್ಬತ್‌ನಾಟ್‌ನನ್ನೂ ಒಂದುಗೂಡಿಸಿ, ಲೆಸ್ಲಿ ಓಡಮ್ ಜೂನಿಯರ್ ನಟಿಸಿದ ಡಾಕ್ಟರ್ ಆರ್ಬತ್‌ನಾಟ್‌ನನ್ನು ರಚಿಸಿತು. ಹೆಣವನ್ನು ಪರೀಕ್ಷಿಸುವವನೇ ಶಂಕಿತನೂ ಆದರೆ ತನಿಖೆಯ ಅಡಿಪಾಯವೇ ಅಲುಗುತ್ತದೆ. ನಟನ ಅಭಿನಯದಲ್ಲಿ ಕೊರತೆಯಿಲ್ಲ, ಚಿತ್ರಕಥೆಯ ಲೆಕ್ಕಾಚಾರದಲ್ಲಿದೆ.

ಸ್ವೀಡಿಷ್ ಮಹಿಳೆ ಗ್ರೆಟಾ ಓಲ್ಸನ್ ಕೂಡ ಹೊಸ ಚಿತ್ರದಲ್ಲಿಲ್ಲ. ಅವಳ ಸ್ಥಾನದಲ್ಲಿ ಪೆನೆಲೊಪೆ ಕ್ರೂಸ್ ಅವರ ಪಿಲಾರ್ ಇದ್ದಾಳೆ, ಆ ಹೆಸರು ಕ್ರಿಸ್ಟಿಯದೇ 1938ರ ಇನ್ನೊಂದು ಕಾದಂಬರಿಯಿಂದ ತಂದದ್ದು. 1974ರಲ್ಲಿ ಇಂಗ್ರಿಡ್ ಬರ್ಗ್‌ಮನ್‌ಗೆ ಲ್ಯೂಮೆಟ್ ರಾಜಕುಮಾರಿಯ ದೊಡ್ಡ ಪಾತ್ರ ಕೊಡಲು ಬಯಸಿದ್ದರು. ಬರ್ಗ್‌ಮನ್ ಅವರು ಗ್ರೆಟಾ ಎಂಬ ಈ ಅಂಜುಬುರುಕ ಹೆಂಗಸಿನ ಪಾತ್ರವನ್ನೇ ಕೇಳಿ ಪಡೆದರು. ಅವರ ವಿಚಾರಣೆಯ ದೃಶ್ಯದಲ್ಲಿ ಕ್ಯಾಮೆರಾ ಶಾಟ್ ಮುರಿಯದೆ ಅವರ ಮುಖವನ್ನೇ ಹಿಂಬಾಲಿಸುತ್ತದೆ. ತಡವರಿಸುವ ಇಂಗ್ಲಿಷು, ಅತ್ತಿತ್ತ ಹೊರಳುವ ಕಣ್ಣು, ದೇವರ ಹೆಸರೆತ್ತಿದಾಗ ಒಮ್ಮೆಲೇ ಮೂಡುವ ಉತ್ಸಾಹ, ಎಲ್ಲವೂ ಆ ಒಂದೇ ಶಾಟ್‌ನಲ್ಲಿ. ಆ ಪಾತ್ರ ಅವರಿಗೆ ಅತ್ಯುತ್ತಮ ಪೋಷಕ ನಟಿಯ ಆಸ್ಕರ್ ತಂದುಕೊಟ್ಟಿತು.

ಪ್ರಶ್ನೆ: ಇಂಗ್ಲಿಷಿನವರ ಮಾತು ಸಾಕು. ನಮ್ಮ ದೇಶದ ಬಂಗಾಳಿ ಪತ್ತೇದಾರರಾದ ಫೆಲೂದಾ, ಬ್ಯೋಮಕೇಶರ ಜೊತೆಗಾರರ ಬಗ್ಗೆ ಹೇಳಿ.
— ಪ್ರಿಂಟಿಂಗ್ ಪ್ರೆಸ್ ಮಾಲೀಕರು, ಚಳ್ಳಕೆರೆ

ಉತ್ತರ: ಸಂತೋಷದಿಂದ ಹೇಳುತ್ತೇನೆ, ಏಕೆಂದರೆ ಈ ವಿಷಯದಲ್ಲಿ ಸತ್ಯಜಿತ್ ರಾಯ್ ಅವರಷ್ಟು ಅನುಕೂಲವಾದ ಸ್ಥಾನದಲ್ಲಿ ಇನ್ನಾರೂ ಇರಲಿಲ್ಲ, ಕಥೆಗಾರರೂ ಅವರೇ, ನಿರ್ದೇಶಕರೂ ಅವರೇ, ಕಥೆಗೆ ಚಿತ್ರ ಬರೆಯುವವರೂ ಅವರೇ. ಪುಸ್ತಕದಲ್ಲಿ ಫೆಲೂದಾನ ಸಾಹಸಗಳನ್ನು ಹೇಳುವವನು ತಮ್ಮನ ವರಸೆಯ ಹುಡುಗ ತೋಪ್ಷೆ. 1974ರ ಸೋನಾರ್ ಕೇಲ್ಲಾ ಚಿತ್ರದಲ್ಲಿ ಕ್ಯಾಮೆರಾ ಅವನ ಕೆಲಸವನ್ನೂ ಕಿತ್ತುಕೊಂಡಿತು, ಆದರೆ ರಾಯ್ ಅವನನ್ನು ಕೋಡಂಗಿಯಾಗಿ ಮಾಡಲಿಲ್ಲ. ಹುಡುಗ ಅಣ್ಣನ ಪಕ್ಕದಲ್ಲಿ ಕಣ್ಣರಳಿಸಿ ನಿಂತಿರುತ್ತಾನೆ. ನಗಿಸುವ ಹೊಣೆ ಪತ್ತೇದಾರಿ ಕಾದಂಬರಿಕಾರ ಜಟಾಯು, ಅಂದರೆ ಲಾಲ್‌ಮೋಹನ್ ಗಾಂಗೂಲಿಯವರದು.

ಜಟಾಯು ಪಾತ್ರಧಾರಿ ಸಂತೋಷ್ ದತ್ತ ವೃತ್ತಿಯಲ್ಲಿ ವಕೀಲರು. ರಾಜಸ್ಥಾನದ ಮರುಭೂಮಿಯಲ್ಲಿ ಒಂಟೆ ಹತ್ತುವ ದೃಶ್ಯವನ್ನು ನೋಡಿ: ಒಂಟೆ ಹಿಂಗಾಲನ್ನು ಮೊದಲು ಎತ್ತುತ್ತದೆ, ಆದ್ದರಿಂದ ಹಿಂದಕ್ಕೆ ಬಾಗಬೇಕು ಎಂಬ ಪಾಠ ಮೊದಲೇ ಸಿಕ್ಕಿದ್ದರೂ, ಅದು ಏಳುವ ಕ್ಷಣದಲ್ಲಿ ಅವರ ಮುಖದ ಮೇಲೆ ಭಯ ಮತ್ತು ಮರ್ಯಾದೆ ಉಳಿಸಿಕೊಳ್ಳುವ ಹಟ ಎರಡೂ ಒಟ್ಟಿಗೆ ಕಾಣುತ್ತವೆ. ನೈಜೆಲ್ ಬ್ರೂಸ್ ಅವರ ಹಾಸ್ಯಕ್ಕೂ ಇದಕ್ಕೂ ಇರುವ ಅಂತರ 1979ರ ಜೊಯ್ ಬಾಬಾ ಫೆಲುನಾಥ್‌ನಲ್ಲಿ ತಿಳಿಯುತ್ತದೆ. ಕಾಶಿಯ ದುಷ್ಟ ವ್ಯಾಪಾರಿ ಮಗನ್‌ಲಾಲ್ ಮೇಘರಾಜ್, ಅಂದರೆ ಉತ್ಪಲ್ ದತ್, ಜಟಾಯುವನ್ನು ಹಲಗೆಗೆ ಒರಗಿಸಿ ನಿಲ್ಲಿಸಿ ಮುದಿ ಆಳಿನಿಂದ ಅವರ ಸುತ್ತ ಚಾಕು ಎಸೆಸುತ್ತಾನೆ. ಅಷ್ಟರ ತನಕ ನಕ್ಕಿದ್ದ ನಮಗೆ ಆಗ ಉಸಿರು ಕಟ್ಟುತ್ತದೆ. ಆ ನಗೆಯ ಮನುಷ್ಯನ ಜೀವ ನಮಗೆ ಎಷ್ಟು ಬೇಕಾಗಿತ್ತೆಂಬುದು ಗೊತ್ತಾಗುವುದೂ, ಫೆಲೂದಾನ ಸಿಟ್ಟು ನಮ್ಮದಾಗುವುದೂ ಅಲ್ಲಿಯೇ. ಈ ನಟನ ಪ್ರಭಾವ ಎಷ್ಟಿತ್ತೆಂದರೆ, ಮುಂದಿನ ಕಥೆಗಳಿಗೆ ರಾಯ್ ಬಿಡಿಸಿದ ಚಿತ್ರಗಳಲ್ಲಿ ಜಟಾಯುವಿಗೆ ಸಂತೋಷ್ ದತ್ತರ ಚಹರೆಯೇ ಬಂದುಬಿಟ್ಟಿತು. ತೆರೆಯಿಂದ ಪುಟಕ್ಕೆ ಹೀಗೆ ಮರಳಿದ ಪೋಷಕ ಪಾತ್ರಗಳು ವಿರಳ.

ಬ್ಯೋಮಕೇಶನ ಗೆಳೆಯ ಅಜಿತ್ ಬೇರೆ ಬಗೆಯವನು. ಶರದಿಂದು ಬಂದ್ಯೋಪಾಧ್ಯಾಯರ ಕಥೆಯಲ್ಲಿ ಇಬ್ಬರೂ ಕಲ್ಕತ್ತೆಯ ಮೆಸ್ಸೊಂದರಲ್ಲಿ ಒಂದೇ ಕೋಣೆಯಲ್ಲಿರುತ್ತಾರೆ, ಬ್ಯೋಮಕೇಶ ಸುಳ್ಳು ಹೆಸರಿನಲ್ಲಿ ಬಂದವನೆಂಬುದು ಅಜಿತನಿಗೆ ತಿಳಿದಿರುವುದಿಲ್ಲ. ದಿಬಾಕರ್ ಬ್ಯಾನರ್ಜಿಯವರ 2015ರ ಹಿಂದಿ ಚಿತ್ರದಲ್ಲಿ ಅಜಿತ್ ಕಾಣೆಯಾದ ತಂದೆಯನ್ನು ಹುಡುಕಿಕೊಡಿ ಎಂದು ಬರುತ್ತಾನೆ, ತಂದೆಯ ಬಗ್ಗೆ ಆಡಿದ ನಿರ್ದಯ ಮಾತಿಗೆ ಬ್ಯೋಮಕೇಶನ ಕೆನ್ನೆಗೆ ಬಾರಿಸುತ್ತಾನೆ. ಆನಂದ್ ತಿವಾರಿ ಅವರ ಈ ಅಜಿತನಿಗೆ ಕಥೆಯಲ್ಲಿ ತನ್ನದೇ ಆದ ನೋವಿದೆ, ಹಾಗಾಗಿ ಕೋಣೆಯಲ್ಲಿ ಅವನ ಇರವಿಗೆ ಕಾರಣ ಹುಡುಕಬೇಕಾಗಿಲ್ಲ. ಆದರೂ ನಮ್ಮ ಮನೆಗಳಲ್ಲಿ ಆಪ್ತನಾದವನು 1993ರಲ್ಲಿ ದೂರದರ್ಶನಕ್ಕಾಗಿ ಬಾಸು ಚಟರ್ಜಿ ಮಾಡಿದ ಸರಣಿಯ ಅಜಿತ್. ಕೆ.ಕೆ. ರೈನಾ ಅವರು ಆ ಪಾತ್ರವನ್ನು ಸದ್ದಿಲ್ಲದೆ, ಕೇಳುವ ಕಿವಿಯಾಗಿ, ಮನೆಯವನಾಗಿ ನಿರ್ವಹಿಸಿದರು. ರಜಿತ್ ಕಪೂರ್ ಅವರ ಬ್ಯೋಮಕೇಶ ಅಷ್ಟು ಹಗುರವಾಗಿ ಮಾತನಾಡಬಲ್ಲವನಾದದ್ದಕ್ಕೆ ರೈನಾ ಅವರ ಆ ಮೌನವೂ ಕಾರಣ.

ಪ್ರಶ್ನೆ: ಪತ್ತೇದಾರಿ ಚಿತ್ರಗಳಲ್ಲಿ ಪೊಲೀಸರು ಯಾವಾಗಲೂ ದಡ್ಡರೇ ಏಕೆ?
— ನಿವೃತ್ತ ಹೆಡ್ ಕಾನ್‌ಸ್ಟೇಬಲ್, ದಾವಣಗೆರೆ

ಉತ್ತರ: ಯಾವಾಗಲೂ ಅಲ್ಲ, ಸರ್. ಗ್ರಾನಡಾ ಸರಣಿಯಲ್ಲಿ ಕಾಲಿನ್ ಜೀವನ್ಸ್ ಅವರ ಇನ್‌ಸ್ಪೆಕ್ಟರ್ ಲೆಸ್ಟ್ರೇಡ್‌ನನ್ನು ತಾವು ನೋಡಲೇಬೇಕು. ನೆಪೋಲಿಯನ್ನನ ಆರು ಮೂರ್ತಿಗಳ ಪ್ರಕರಣ ಬಗೆಹರಿದಾಗ, ಸ್ಕಾಟ್‌ಲೆಂಡ್ ಯಾರ್ಡಿನವರು ಹೋಮ್ಸ್ ಬಗ್ಗೆ ಹೊಟ್ಟೆಕಿಚ್ಚು ಪಡುವುದಿಲ್ಲ, ಹೆಮ್ಮೆ ಪಡುತ್ತಾರೆ ಎಂದು ಲೆಸ್ಟ್ರೇಡ್ ಹೇಳುತ್ತಾನೆ. ಮೂಲ ಕಥೆಯಲ್ಲೂ ಈ ಮಾತಿದೆ, ಅದನ್ನು ಕೇಳಿದ ಹೋಮ್ಸ್‌ನ ಮನಸ್ಸು ಕರಗಿತೆಂದು ವಾಟ್ಸನ್ ಬರೆಯುತ್ತಾನೆ. ವರ್ಷಗಟ್ಟಲೆ ತನ್ನನ್ನು ಚುಚ್ಚಿದವನಿಗೆ ಕೆಲಸ ಬಲ್ಲ ಅಧಿಕಾರಿಯೊಬ್ಬ ಮನಃಪೂರ್ವಕವಾಗಿ ಸಲ್ಲಿಸಿದ ಗೌರವವೆಂಬಂತೆ ಜೀವನ್ಸ್ ಆ ಮಾತನ್ನು ಆಡುತ್ತಾರೆ, ಬ್ರೆಟ್ ಅವರ ಹೋಮ್ಸ್‌ಗೆ ಉತ್ತರ ಕೊಡುವುದೇ ಕಷ್ಟವಾಗುತ್ತದೆ.

ಪ್ರಶ್ನೆ: ಬಾಸ್ಕರ್‌ವಿಲ್ಲಿನ ಬೇಟೆನಾಯಿಯ ಕಥೆಯನ್ನು ಜೋಗಿಮಟ್ಟಿಯ ಸುತ್ತಮುತ್ತ ನಡೆಯುವಂತೆ ಬದಲಿಸಿ ಕಿರುಚಿತ್ರ ಮಾಡಬೇಕೆಂದಿದ್ದೇವೆ. ಪೋಷಕ ಪಾತ್ರಗಳ ವಿಷಯದಲ್ಲಿ ಏನು ಗಮನಿಸಬೇಕು?
— ಹವ್ಯಾಸಿ ರಂಗತಂಡದ ಗೆಳೆಯರು, ಚಿತ್ರದುರ್ಗ

ಉತ್ತರ: ಬಂಡೆಗಳ ಬೆಟ್ಟ, ಕುರುಚಲು ಕಾಡು, ಬೀಸುವ ಗಾಳಿ, ಎಲ್ಲವೂ ನಿಮ್ಮಲ್ಲಿದೆ, ಜಾಗದ ಆಯ್ಕೆ ಬಹಳ ಚೆನ್ನಾಗಿದೆ. ಈ ಕಾದಂಬರಿಯ ದೊಡ್ಡ ಭಾಗದಲ್ಲಿ ಹೋಮ್ಸ್ ಕಾಣುವುದೇ ಇಲ್ಲ, ಹೋಮ್ಸ್ ಜೊತೆಗಿಲ್ಲದೆ ವಾಟ್ಸನ್ ಬಾಸ್ಕರ್‌ವಿಲ್ ಮನೆತನದ ಬಂಗಲೆಯಲ್ಲಿದ್ದು ನೋಡಿದ್ದನ್ನು ಪತ್ರಗಳಲ್ಲಿ ವರದಿ ಮಾಡುತ್ತಾನೆ. ಹಾಗಾಗಿ ನಿಮ್ಮ ಚಿತ್ರದ ನಾಯಕ ವಾಟ್ಸನ್ನೇ ಎಂದು ಭಾವಿಸಿ ಬರೆಯಿರಿ. ಇದೇ ಕಥೆಯ ಎಳೆಯನ್ನು ಹಿಡಿದ 1962ರ ಹಿಂದಿ ಚಿತ್ರ ಬೀಸ್ ಸಾಲ್ ಬಾದ್, ಅಸಿತ್ ಸೇನ್ ಅವರ ಗೋಪೀಚಂದ್ ಪಾತ್ರದ ಮೂಲಕ ಪತ್ತೇದಾರನನ್ನೇ ನಗೆಗೆ ಬಿಟ್ಟುಕೊಟ್ಟಿತು. ನೀವು ಆ ದಾರಿ ಹಿಡಿಯಬೇಡಿ.

ಎರಡನೆಯದಾಗಿ, ಮನೆಯ ಆಳು ಬ್ಯಾರಿಮೋರ್ ಮತ್ತು ಅವನ ಹೆಂಡತಿ. 1939ರ ಚಿತ್ರದಲ್ಲಿ ಜಾನ್ ಕ್ಯಾರಡೈನ್ ಈ ಆಳಾಗಿ, ಬ್ಯಾರಿಮನ್ ಎಂಬ ಬದಲಾದ ಹೆಸರಿನಲ್ಲಿ, ಕಂಡ ಕೂಡಲೇ ಅನುಮಾನ ಹುಟ್ಟಿಸುವಂತಿದ್ದಾರೆ. ಕಾದಂಬರಿ ಇದಕ್ಕಿಂತ ಸೂಕ್ಷ್ಮವಾಗಿದೆ. ವಾಟ್ಸನ್ ಬಂದ ಮೊದಲ ರಾತ್ರಿಯೇ ಹೆಂಗಸೊಬ್ಬಳು ಬಿಕ್ಕಿ ಅಳುವ ಸದ್ದು ಅವನಿಗೆ ಕೇಳಿಸುತ್ತದೆ. ಬೆಳಿಗ್ಗೆ ವಿಚಾರಿಸಿದರೆ, ಅತ್ತವಳು ನನ್ನ ಹೆಂಡತಿಯಲ್ಲ ಎಂದು ಬ್ಯಾರಿಮೋರ್ ಹೇಳುತ್ತಾನೆ. ಸ್ವಲ್ಪ ಹೊತ್ತಿನ ಮೇಲೆ ಪಡಸಾಲೆಯಲ್ಲಿ ಎದುರಾದ ಆಕೆಯ ಕಣ್ಣುಗಳು ಕೆಂಪಾಗಿ ಊದಿಕೊಂಡಿರುತ್ತವೆ. ಮುಂದೊಂದು ರಾತ್ರಿ ಬ್ಯಾರಿಮೋರ್ ಕಿಟಕಿಯ ಬಳಿ ಮೇಣದ ಬತ್ತಿ ಹಿಡಿದು ಕತ್ತಲನ್ನು ದಿಟ್ಟಿಸುತ್ತಾ ನಿಲ್ಲುತ್ತಾನೆ. ಆ ಬೆಳಕು ಯಾರಿಗೆಂಬುದು ಈ ಮನೆಯ ದೊಡ್ಡ ದುಃಖ. ನಿಮ್ಮ ಚಿತ್ರದಲ್ಲಿ ಅವರನ್ನು ತೋಟದ ಮನೆಯ ಕಾವಲುಗಾರ ಮತ್ತು ಅಡುಗೆಯಾಕೆಯನ್ನಾಗಿ ಮಾಡಬಹುದು, ಮೇಣದ ಬತ್ತಿಯ ಬದಲು ಲಾಟೀನು ಇರಬಹುದು. ಆದರೆ ಭಯ ಹುಟ್ಟಿಸುವ ಹಿನ್ನೆಲೆ ಸಂಗೀತವನ್ನು ಅವರ ಮೇಲೆ ಹೇರಬೇಡಿ. ಈ ಇಬ್ಬರ ಪಾತ್ರಗಳಿಗೆ ಹೊಸಬರನ್ನು ಹಾಕಿಕೊಳ್ಳುವುದಕ್ಕಿಂತ, ನಿಮ್ಮ ಜಿಲ್ಲೆಯದೇ ಆದ ಸಾಣೇಹಳ್ಳಿಯ ಶಿವಸಂಚಾರದಂಥ ತಂಡಗಳಲ್ಲಿ ಪಳಗಿದ ಕಲಾವಿದರನ್ನು ಮೊದಲೇ ಕೇಳಿ ಒಪ್ಪಿಸುವುದು ಒಳ್ಳೆಯದು.